ಕುಯ್ಲಿನ ಕಾಲದಲ್ಲಿ ತೋಟದ ಸಿಬ್ಬಂದಿ ಸೋತುಹೋಗದಂತೆ ನೋಡಿಕೊಳ್ಳುವುದು ಹೇಗೆ?

ಚಿಕ್ಕಮಗಳೂರು, ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ಒಳ್ಳೆಯ ರೈಟರೊಬ್ಬರು (ತೋಟದ ಹಾಜರಿ, ಲೆಕ್ಕ ನೋಡಿಕೊಳ್ಳುವವರು) ಯುಗಾದಿ ಹೊತ್ತಿಗೆ ಲೆಕ್ಕ ಒಪ್ಪಿಸಿ ಹೊರಟರೆ, ಪಕ್ಕದ ತೋಟದವರು ಸಂಬಳ ಜಾಸ್ತಿ ಕೊಟ್ಟಿರಬೇಕು ಎಂಬ ಮಾತು ಮೊದಲು ಬರುತ್ತದೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಕಡಿಮೆ ಸಂಬಳದ ಕೆಲಸಕ್ಕೆ ಹೋದವರೂ ಇದ್ದಾರೆ, ಊರಿಗೆ ಹೋಗಿ ಎರಡು ತಿಂಗಳು ಸುಮ್ಮನೆ ಕೂತವರೂ ಇದ್ದಾರೆ. ಅವರು ಸೋಮಾರಿಗಳಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವರು ಅವರೇ.

ಇದನ್ನು ತಡೆಯಬಹುದು. ಆದರೆ ಜನವರಿಯಲ್ಲಿ, ಕಣದ ತುಂಬಾ ಕಾಫಿ ಹರಡಿಕೊಂಡಿರುವಾಗ ತಡೆಯಲು ಹೊರಟರೆ ಆಗುವುದಿಲ್ಲ. ಕುಯ್ಲು ಶುರುವಾಗುವ ಮುಂಚೆ, ಅಕ್ಟೋಬರ್ ತಿಂಗಳಲ್ಲೇ ಕೆಲಸ ಹಂಚುವ ರೀತಿಯನ್ನು ಬದಲಿಸಬೇಕು. ಈ ಲೇಖನ ತೋಟದ ಮಾಲೀಕರಿಗೆ ಮತ್ತು ಮ್ಯಾನೇಜರುಗಳಿಗೆ. ರೈಟರು, ಮೇಸ್ತ್ರಿಗಳು ಓದಿ, ಮಾಲೀಕರ ಮುಂದೆ ಇಟ್ಟರೂ ಒಳ್ಳೆಯದೇ.

ದಣಿವು ಬೇರೆ, ಬರ್ನ್‌ಔಟ್ ಬೇರೆ

ಕುಯ್ಲಿನಲ್ಲಿ ಎಲ್ಲರೂ ದಣಿಯುತ್ತಾರೆ. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿ, ಮನೆ ಊಟ ಉಂಡು ಬಂದರೆ ಸರಿಹೋಗುವುದು ದಣಿವು. ರಜೆ ಮುಗಿಸಿ ತೋಟದ ಗೇಟಿನ ಹತ್ತಿರ ಬರುತ್ತಿದ್ದಂತೆಯೇ ಮತ್ತೆ ಹೊಟ್ಟೆ ಹಿಂಡಿದಂತಾದರೆ ಅದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಸೇರಿಸಿದೆ. ಆದರೆ ಕಾಯಿಲೆ ಎಂದಲ್ಲ; ಸರಿಯಾಗಿ ನಿಭಾಯಿಸದ, ಬಹುಕಾಲದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದು. ಅದಕ್ಕೆ ಮೂರು ಲಕ್ಷಣ ಹೇಳಿದೆ: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಕೆಲಸದಿಂದ ಮನಸ್ಸು ದೂರವಾಗಿ ಅದರ ಬಗ್ಗೆ ಕಹಿ ಹುಟ್ಟುವುದು, ಮಾಡುವ ಕೆಲಸದ ಗುಣಮಟ್ಟ ಇಳಿಯುವುದು.

ತೋಟದಲ್ಲಿ ಇವು ಹೀಗೆ ಕಾಣುತ್ತವೆ. ಬೆಳಿಗ್ಗೆ ಹಾಜರಿಗೆ ಎಲ್ಲರಿಗಿಂತ ಮುಂಚೆ ನಿಲ್ಲುತ್ತಿದ್ದವರು ತಡ ಮಾಡುತ್ತಾರೆ. ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್‌ನಲ್ಲಿ ಒಬ್ಬರು ಕುಯ್ದ ಕೆ.ಜಿ. ಇನ್ನೊಬ್ಬರ ಹೆಸರಿನ ಮುಂದೆ ಬೀಳುತ್ತದೆ. ಹತ್ತು ವರ್ಷ ಇಲ್ಲದ ತಪ್ಪು ವಾರದಲ್ಲಿ ಮೂರು ಸಲ ಆಗುತ್ತದೆ. ಹಸಿರು ಕಾಯಿ ಜಾಸ್ತಿ ಬಂದರೂ 'ಏನಾದ್ರೂ ಆಗ್ಲಿ ಬಿಡಿ' ಎನ್ನುತ್ತಾರೆ. ಕುಯ್ಯುವ ಹೆಂಗಸರ ಮೇಲೆ ಸಣ್ಣದಕ್ಕೂ ರೇಗುತ್ತಾರೆ. ಈ ಕೊನೆಯದನ್ನು ನೋಡಿ ಸ್ವಭಾವ ಕೆಟ್ಟಿತು ಎಂದು ತೀರ್ಮಾನಿಸುವವರೇ ಹೆಚ್ಚು. ಸ್ವಭಾವ ಒಂದು ತಿಂಗಳಲ್ಲಿ ಬದಲಾಗುವುದಿಲ್ಲ, ಕೆಲಸದ ಹೊರೆ ಬದಲಾಗುತ್ತದೆ.

ಜ್ವರದ ಜೊತೆಗೆ ಬರುವ ಸುಸ್ತನ್ನು ಮಾತ್ರ ಇದರಲ್ಲಿ ಸೇರಿಸಬೇಡಿ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲವೂ ಹೆಚ್ಚುಕಡಿಮೆ ಕುಯ್ಲಿನ ಕಾಲವೇ, ಡಿಸೆಂಬರಿನಿಂದ ಮೇವರೆಗೆ. ಜ್ವರ, ತಲೆನೋವು, ಮೈಕೈ ನೋವು ಎಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.

ಮೊದಲ ಹೆಜ್ಜೆ: ಗಂಟೆಗಳನ್ನು ಕಾಗದದ ಮೇಲೆ ಇಳಿಸಿ

ತೋಟದಲ್ಲಿ ಹಣ್ಣಿನ ಲೆಕ್ಕ ಇರುತ್ತದೆ, ಡೀಸೆಲ್ ಲೆಕ್ಕ ಇರುತ್ತದೆ, ಗೊಬ್ಬರದ ಚೀಲದ ಲೆಕ್ಕ ಇರುತ್ತದೆ. ರೈಟರು ದಿನಕ್ಕೆ ಎಷ್ಟು ಗಂಟೆ ನಿಂತರು ಎಂಬ ಲೆಕ್ಕ ಮಾತ್ರ ಎಲ್ಲೂ ಇರುವುದಿಲ್ಲ. ಅಲ್ಲಿಂದಲೇ ಶುರು ಮಾಡಬೇಕು.

ಉದಾಹರಣೆಗೆ 50 ಎಕರೆ ಅರೇಬಿಕಾ ಇದೆ ಎಂದುಕೊಳ್ಳಿ. ಎಕರೆಗೆ 50 ಕೆ.ಜಿ.ಯ 8 ಚೀಲ ಕ್ಲೀನ್ ಕಾಫಿ (ಒಣಗಿಸಿ ಸಿಪ್ಪೆ ತೆಗೆದ ಕಾಳು) ಅಂದರೆ 400 ಕೆ.ಜಿ., ಒಟ್ಟು 20,000 ಕೆ.ಜಿ. ಒಂದು ಕೆ.ಜಿ. ಕ್ಲೀನ್ ಕಾಫಿಗೆ ಸುಮಾರು 6 ಕೆ.ಜಿ. ಹಣ್ಣು ಬೇಕು, ಹಾಗಾಗಿ ತೋಟಕ್ಕೆ ಬರುವ ಹಣ್ಣು 1,20,000 ಕೆ.ಜಿ. ಹಣ್ಣು ಎಲ್ಲಾ ದಿನ ಸಮನಾಗಿ ಬರುವುದಿಲ್ಲ. ಅರ್ಧ ಭಾಗ ನಡುವಿನ ನಾಲ್ಕು ವಾರಗಳಲ್ಲಿ ಬರುತ್ತದೆ ಎಂದಿಟ್ಟುಕೊಂಡರೆ, 24 ಕೆಲಸದ ದಿನಗಳಿಗೆ 60,000 ಕೆ.ಜಿ. ಅಂದರೆ ದಿನಕ್ಕೆ 2,500 ಕೆ.ಜಿ.

ಈಗ ಆ ದಿನದ ಗಡಿಯಾರ ನೋಡಿ. ಬೆಳಿಗ್ಗೆ 6.30ಕ್ಕೆ ರೈಟರು ಕೆಲಸದವರ ಲೈನ್ ಮನೆ ಹತ್ತಿರ. ಹಾಜರಿ, ಯಾರು ತೋಟದ ಯಾವ ಬ್ಲಾಕಿಗೆ ಎಂಬ ಹಂಚಿಕೆ, ಕಣದಲ್ಲಿ ಟಾರ್ಪಾಲ್ ತೆಗೆಸುವುದು, ನಡುವೆ ಹೋಂಸ್ಟೇಗೆ ಬಂದವರಿಗೆ ತೋಟ ತೋರಿಸಿ ಎಂಬ ಫೋನ್. ಸಂಜೆ 4.30ಕ್ಕೆ ಮೂಟೆಗಳು ಬರುತ್ತವೆ, ತೂಕ ಮುಗಿಯುವಾಗ 6. ಗಂಟೆಗೆ ಒಂದು ಟನ್ ಎಳೆಯುವ ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಆದರೆ 2,500 ಕೆ.ಜಿ.ಗೆ ಎರಡೂವರೆ ಗಂಟೆ, 6.15ಕ್ಕೆ ಶುರುವಾದರೆ ಅಲ್ಲಿಗೆ 8.45. ಪಲ್ಪರ್, ತೊಟ್ಟಿ, ನೆಲ ತೊಳೆಸಿದಾಗ 9.30. ಆಮೇಲೆ ಕೆ.ಜಿ. ಲೆಕ್ಕ ಕೂಡಿಸಿ ಮಾಲೀಕರಿಗೆ ಕಳಿಸಬೇಕು. 10 ಗಂಟೆ. ನಡುವೆ ಎರಡು ಗಂಟೆ ಬಿಡುವು ಸಿಕ್ಕಿತು ಎಂದರೂ ದಿನಕ್ಕೆ ಹದಿಮೂರೂವರೆ ಗಂಟೆ, ಆರು ದಿನಕ್ಕೆ 81 ಗಂಟೆ. ಕೂಲಿ ಬಟವಾಡೆಯ ದಿನ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಕಾನೂನು ಕಾರ್ಮಿಕರಿಗೆ ಹೇಳುವುದು ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಹೆಚ್ಚಿನ ದುಡಿಮೆಗೆ ಎರಡರಷ್ಟು ಕೂಲಿ. ಮ್ಯಾನೇಜರಿಗೆ ಇದು ಅನ್ವಯಿಸುತ್ತದೋ ಇಲ್ಲವೋ ಎಂಬ ವಾದಕ್ಕೆ ಇಲ್ಲಿ ಹೋಗುವುದು ಬೇಡ. ದೇಹ ಹುದ್ದೆ ಕೇಳುವುದಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಸುಮಾರು ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಮಾಡಿವೆ.

ನಿಮ್ಮ ತೋಟದ ಎಕರೆ, ಇಳುವರಿ, ಪಲ್ಪರ್ ಸಾಮರ್ಥ್ಯ ಹಾಕಿ ಇದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ರೈಟರನ್ನೂ ಮೇಸ್ತ್ರಿಯನ್ನೂ ಕೂರಿಸಿಕೊಂಡೇ ಬರೆಯಿರಿ. ಒಬ್ಬರೇ ಕೂತು ಬರೆದರೆ ಪಂಪ್ ಕೆಟ್ಟದ್ದು, ಕರೆಂಟ್ ಹೋದದ್ದು, ಚೀಲ ಸಾಲದೆ ಪೇಟೆಗೆ ಓಡಿದ್ದು, ಇವೆಲ್ಲ ಬಿಟ್ಟುಹೋಗುತ್ತವೆ. ವಾರಕ್ಕೆ 60 ಗಂಟೆ ದಾಟುವ ಹೆಸರುಗಳಿಗೆ ಕೆಂಪು ಗೆರೆ ಹಾಕಿ. ಮುಂದಿನ ಹೆಜ್ಜೆಗಳೆಲ್ಲ ಆ ಹೆಸರುಗಳಿಗಾಗಿ.

ಎರಡನೇ ಹೆಜ್ಜೆ: ತೂಕ ದಿನಕ್ಕೆ ಎರಡು ಸಲ

ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನು ಮಾಡಿ. ಮಧ್ಯಾಹ್ನ 12.30ಕ್ಕೆ ಮೊದಲ ತೂಕ, ಸಂಜೆ 4.15ಕ್ಕೆ ಎರಡನೆಯದು. ಮೇಲಿನ ಉದಾಹರಣೆಯಲ್ಲಿ ಮಧ್ಯಾಹ್ನ ಬಂದ ಸುಮಾರು 1,200 ಕೆ.ಜಿ. ಹಣ್ಣನ್ನು ಪಲ್ಪರ್ ನೋಡಿಕೊಳ್ಳುವವರು 2 ಗಂಟೆಗೆ ಶುರು ಮಾಡಿ 3.15ರೊಳಗೆ ಮುಗಿಸುತ್ತಾರೆ. ಸಂಜೆಗೆ ಉಳಿಯುವುದು 1,300 ಕೆ.ಜಿ. 5.15ಕ್ಕೆ ಶುರುವಾದರೆ 6.35ಕ್ಕೆ ಮುಗಿಯಿತು, ತೊಳೆದಾಗ 7.15. ಹತ್ತು ಗಂಟೆಗೆ ಮುಗಿಯುತ್ತಿದ್ದ ದಿನ ಏಳೂವರೆಗೆ ಮುಗಿಯಿತು.

ಕಾಫಿಗೂ ಇದು ಒಳ್ಳೆಯದು. ಬೆಳಿಗ್ಗೆ 8ಕ್ಕೆ ಕುಯ್ದ ಹಣ್ಣು ಮೂಟೆಯಲ್ಲಿ ಬಿಸಿಯಾಗುತ್ತಾ ಸಂಜೆವರೆಗೆ ಕೂತರೆ ಅಲ್ಲೇ ಹುಳಿಯಲು ಶುರುವಾಗುತ್ತದೆ.

ಇದಕ್ಕೆ ಎರಡು ಆಕ್ಷೇಪಣೆ ಬರುತ್ತವೆ. ಕುಯ್ಯುವವರು ಮೂಟೆ ಹೊತ್ತು ಎರಡು ಸಲ ಬರಬೇಕಾ ಎಂದು ಕೇಳುತ್ತಾರೆ. ಅವರು ಕೇಳುವುದು ನ್ಯಾಯ. ಮಧ್ಯಾಹ್ನದ ತೂಕವನ್ನು ಬ್ಲಾಕಿನ ರಸ್ತೆಯಲ್ಲೇ ಇಡಿ, ಪಿಕಪ್ ಅಥವಾ ಟ್ರ್ಯಾಕ್ಟರಿನ ಜೊತೆ ತಕ್ಕಡಿಯನ್ನೂ ಕಳಿಸಿ. ಎರಡನೆಯದು ನೀರಿನ ಪ್ರಶ್ನೆ: ಪಲ್ಪರನ್ನು ಎರಡು ಸಲ ತೊಳೆಯಬೇಕಲ್ಲ ಎಂದು. ಮಧ್ಯಾಹ್ನ ಒಂದು ಸಲ ನೀರು ಬಿಟ್ಟು ಸಿಪ್ಪೆ ಹೋಗುವಂತೆ ಓಡಿಸಿದರೆ ಸಾಕು, ಪೂರ್ತಿ ತೊಳೆಯುವುದು ಸಂಜೆ.

ತೂಕದ ಜಾಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ರೈಟರ ಮನಸ್ಸು ಹೆಚ್ಚು ಸವೆಯುವುದು ಅಲ್ಲೇ. ಇಪ್ಪತ್ತೈದು ಜನ ಸುತ್ತ ನಿಂತಿರುತ್ತಾರೆ, ಕತ್ತಲಾಗುತ್ತಿರುತ್ತದೆ, ಎಲ್ಲರಿಗೂ ಮನೆಗೆ ಹೋಗುವ ಅವಸರ. ತಕ್ಕಡಿಯ ಡಿಸ್‌ಪ್ಲೇ ರೈಟರ ಕಡೆ ತಿರುಗಿರುತ್ತದೆ. ಅವರು 'ಐವತ್ತೆರಡು' ಎಂದು ಕೂಗಿದರೆ, ಮೂಟೆ ಹೊತ್ತು ತಂದ ಹೆಂಗಸಿಗೆ ಅದು ಐವತ್ತೈದು ಅನಿಸಿರುತ್ತದೆ. ಚೀಲಕ್ಕೆ ಎಷ್ಟು ಕಳೆದರು ಎನ್ನುವುದು ಗೊತ್ತಿಲ್ಲ. ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದವರಾದರೆ ಮಾತೂ ತಿಳಿಯುವುದಿಲ್ಲ. ದಿನಾ ಸಂಜೆ ಇಪ್ಪತ್ತೈದು ಜನರ ಕಣ್ಣಲ್ಲಿ ಮೋಸಗಾರನಾಗಿ ನಿಲ್ಲುವುದು ಯಾವ ಮನುಷ್ಯನಿಗೂ ಸಣ್ಣ ವಿಷಯವಲ್ಲ.

ಇದಕ್ಕೆ ಪರಿಹಾರ ಸುಲಭ. ಡಿಸ್‌ಪ್ಲೇ ಕುಯ್ಯುವವರ ಕಡೆಗೆ ಇರಲಿ, ಅಥವಾ ಎರಡೂ ಕಡೆ ಕಾಣುವ ತಕ್ಕಡಿ ತನ್ನಿ. ಖಾಲಿ ಚೀಲವನ್ನು ಮೊದಲ ದಿನವೇ ಎಲ್ಲರ ಮುಂದೆ ತೂಗಿ, ಚೀಲಕ್ಕೆ ಇಷ್ಟೇ ಕಳೆಯುವುದು ಎಂದು ತಕ್ಕಡಿಯ ಮೇಲಿನ ಗೋಡೆಗೆ ಬರೆಯಿರಿ. ಪ್ರತಿ ತೂಕಕ್ಕೂ ಹೆಸರು, ತಾರೀಖು, ಕೆ.ಜಿ. ಇರುವ ಚೀಟಿ ಕೊಡಿ. ಅಂಕಿ ಓದಲು ಭಾಷೆ ಬೇಡ. ಹಿಂದಿ ಅಥವಾ ಅವರ ಭಾಷೆ ಬರುವ ಒಬ್ಬರನ್ನು ಗುಂಪಿನಿಂದಲೇ ಆರಿಸಿ, ಆ ಹೊಣೆಗೆ ಬೇರೆಯೇ ಭತ್ಯೆ ಕೊಡಿ. ಸಂಜೆಯ ತೂಕಕ್ಕೆ ಒಂದು ಒಳ್ಳೆಯ ಎಲ್‌ಇಡಿ ದೀಪ ಹಾಕಿಸಿ. ಜಗಳದಲ್ಲಿ ಅರ್ಧ ಕತ್ತಲೆಯಿಂದಲೇ ಬರುವುದು.

ಮೂರನೇ ಹೆಜ್ಜೆ: ರಾತ್ರಿಯನ್ನು ರಾತ್ರಿಯಾಗಿ ಉಳಿಸಿ

ಹಗಲಿನ ದುಡಿಮೆಗಿಂತ ಮುರಿದ ನಿದ್ದೆ ಮನುಷ್ಯನನ್ನು ಬೇಗ ಕೆಡವುತ್ತದೆ. ಕುಯ್ಲಿನಲ್ಲಿ ನಿದ್ದೆ ಮುರಿಯುವ ಕಾರಣಗಳು ಬೆರಳೆಣಿಕೆಯವು, ಒಂದೊಂದನ್ನೂ ಹಗಲೇ ಕಟ್ಟಿಹಾಕಬಹುದು.

ಪಲ್ಪ್ ಆದ ಮೇಲೆ ಲೋಳೆ ಬಿಡಲೆಂದು ತೊಟ್ಟಿಯಲ್ಲಿ ಹುಳಿಯಲು ಬಿಟ್ಟ ಕಾಫಿ ಮೊದಲನೆಯದು. ಅರೇಬಿಕಾಗೆ ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು. ಬಾಬಾಬುಡನ್‌ಗಿರಿಯಂಥ ಚಳಿಯ ಎತ್ತರದಲ್ಲಿ ಇನ್ನೂ ನಿಧಾನ. ರಾತ್ರಿ 9ಕ್ಕೆ ತೊಟ್ಟಿ ತುಂಬಿದರೆ, ಮರುದಿನ ರಾತ್ರಿ 9ರಿಂದ ಬೆಳಗಿನವರೆಗೆ ಯಾವಾಗ ಬೇಕಾದರೂ ಹದಕ್ಕೆ ಬರಬಹುದು, ಯಾರಾದರೂ ಎದ್ದು ನೋಡಲೇಬೇಕು. ಸಂಜೆ 6.30ರೊಳಗೆ ತುಂಬಿದರೆ ಮರುದಿನ ಸಂಜೆ 6ಕ್ಕೆ ಒಂದು ಸಲ, ಅದರ ಮರುದಿನ ಬೆಳಿಗ್ಗೆ 6ಕ್ಕೆ ಒಂದು ಸಲ ನೋಡುವ ಹಾಗೆ ಹೊಂದಿಸಬಹುದು. ಒಂದು ಹಿಡಿ ತೆಗೆದು ನೀರಲ್ಲಿ ತೊಳೆದು ಉಜ್ಜಿದಾಗ ಲೋಳೆ ಹೋಗಿ ಜಲ್ಲಿ ಉಜ್ಜಿದ ಹಾಗೆ ಸದ್ದು ಬಂದರೆ ಹದ ಬಂತು. ಸಂಜೆಯೇ ಹದ ಬಂದಿದ್ದರೆ ಆಗಲೇ ತೊಳೆದು, ಒಳ್ಳೆಯ ನೀರಲ್ಲಿ ಬೆಳಗಿನವರೆಗೆ ನೆನೆಯಲು ಬಿಡಿ. ಲೋಳೆ ತೆಗೆಯುವ ವಾಷರ್ ಯಂತ್ರ ಇರುವವರಿಗೆ ಈ ಕಾಟವಿಲ್ಲ. ಯಂತ್ರಕ್ಕೆ ಹಾಕುವ ದುಡ್ಡಿನ ಲೆಕ್ಕದಲ್ಲಿ ಉಳಿಯುವ ನಿದ್ದೆಯನ್ನೂ ಸೇರಿಸಿ ಯೋಚಿಸಿ.

ಕಣದ್ದು ಎರಡನೆಯದು. ಡಿಸೆಂಬರ್, ಜನವರಿಯಲ್ಲೂ ಅಕಾಲ ಮಳೆ ಬರುವುದು ಈಗ ಹೊಸದಲ್ಲ. ಮೋಡ ಕಂಡಾಗ ಮುಚ್ಚೋಣ ಎಂದುಕೊಂಡರೆ ರೈಟರು ರಾತ್ರಿಯೆಲ್ಲ ಆಕಾಶ ನೋಡುತ್ತಾ ಮಲಗಬೇಕು. ಮೋಡ ಇರಲಿ ಇಲ್ಲದಿರಲಿ, ದಿನಾ ಸಂಜೆ 4.30ಕ್ಕೆ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿ, ಅಂಚಿಗೆ ಕಲ್ಲು ಇಡುವುದನ್ನು ಕಣದ ಕೆಲಸದವರ ನಿತ್ಯದ ಪಾಠ ಮಾಡಿ. ಇಬ್ಬನಿಯಿಂದಲೂ ಕಾಫಿ ಉಳಿಯುತ್ತದೆ. ಟಾರ್ಪಾಲ್ ಹರಿದಿದೆಯೇ ಎಂದು ನೋಡುವುದು ಅಕ್ಟೋಬರ್ ಕೆಲಸ, ಮಳೆ ಬಂದ ರಾತ್ರಿಯದಲ್ಲ.

ಆನೆ. ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರ ಭಾಗದಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿ ಮೊಬೈಲಿಗೆ, ವಾಟ್ಸ್ಆ್ಯಪ್ ಗುಂಪುಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿರುತ್ತದೆ. ಬೆಳಿಗ್ಗೆ ಜನರನ್ನು ಆ ಬ್ಲಾಕಿಗೆ ಕಳಿಸಬೇಕೋ ಬೇಡವೋ ಎಂಬ ತೀರ್ಮಾನ ರೈಟರ ತಲೆ ಮೇಲೆ ಬೀಳುತ್ತದೆ. ಕಳಿಸಿ ಏನಾದರೂ ಆದರೆ ಜೀವದ ಪ್ರಶ್ನೆ, ಕಳಿಸದಿದ್ದರೆ ಕೆ.ಜಿ. ಯಾಕೆ ಕಮ್ಮಿ ಎಂಬ ಪ್ರಶ್ನೆ. ಇದನ್ನು ಮೊದಲೇ ಲಿಖಿತ ನಿಯಮ ಮಾಡಿ: ಹತ್ತಿರದ ಬ್ಲಾಕಿನಲ್ಲಿ ಆನೆ ಎಂಬ ಸಂದೇಶ ಇದ್ದರೆ, ಮಂಜು ಕರಗಿ ಆನೆ ದಾಟಿಹೋಗಿದ್ದು ಖಚಿತವಾಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಜನರನ್ನು ಮನೆ ಹತ್ತಿರದ ಬ್ಲಾಕಿಗೋ ಕಣಕ್ಕೋ ಹಚ್ಚಬೇಕು. ಆ ದಿನದ ಕೆ.ಜಿ. ಬಗ್ಗೆ ಪ್ರಶ್ನೆ ಇಲ್ಲ. ಈ ಕೊನೆಯ ಸಾಲಿಗೆ ಮಾಲೀಕರೇ ರುಜು ಹಾಕಬೇಕು.

ಉಳಿದದ್ದು ಫೋನ್. ಬೆಂಗಳೂರಿನಲ್ಲಿರುವ ಮಾಲೀಕರಿಗೆ ರಾತ್ರಿ ಊಟ ಆದ ಮೇಲೆ ತೋಟದ ನೆನಪಾಗುವುದು ಸಹಜ. ಅದೇ ಹೊತ್ತು ರೈಟರು ಮಕ್ಕಳ ಜೊತೆ ಕೂರುವ ಹೊತ್ತು. ತೋಟದ ಹೆಸರಲ್ಲೇ ಒಂದು ಸಿಮ್, ಒಂದು ಸಾಧಾರಣ ಮೊಬೈಲ್ ಕೊಡಿಸಿ. ಆ ದಿನ ಕೆಲಸದಲ್ಲಿರುವವರ ಕೈಯಲ್ಲಿ ಅದು ಇರಲಿ. ರಜೆಗೆ ಹೋಗುವವರು ಅದನ್ನು ಕೊಟ್ಟು ಹೋಗಲಿ. ದಿನದ ವರದಿಗೆ ಒಂದೇ ಕರೆ, ಸಂಜೆ 7.15ಕ್ಕೆ, ಹತ್ತು ನಿಮಿಷ. ರಾತ್ರಿ 8ರ ನಂತರ ಫೋನ್ ಮಾಡಬಹುದಾದ ಕಾರಣಗಳು ಐದೇ: ಯಾರಿಗಾದರೂ ಪೆಟ್ಟು ಅಥವಾ ಕಾಯಿಲೆ, ಬೆಂಕಿ, ಲೈನ್ ಮನೆ ಹತ್ತಿರ ಆನೆ, ಕಣದ ಮೇಲೆ ಮಳೆ, ಕಳ್ಳತನ. ಕಾಫಿ ರೇಟು ಇದರಲ್ಲಿ ಬರುವುದಿಲ್ಲ, ಹೋಂಸ್ಟೇಗೆ ನಾಳೆ ಬರುವ ಅತಿಥಿಗಳ ತಿಂಡಿಯೂ ಬರುವುದಿಲ್ಲ.

ನಾಲ್ಕನೇ ಹೆಜ್ಜೆ: ಪ್ರತಿ ಕೆಲಸಕ್ಕೂ ಎರಡನೇ ಕೈ

'ನಮ್ ರೈಟ್ರಿಲ್ದೆ ತೋಟ ನಡಿಯಲ್ಲ' ಎಂಬ ಮಾತನ್ನು ಹೊಗಳಿಕೆಯಾಗಿ ಹೇಳುತ್ತಾರೆ. ಅದು ತೋಟಕ್ಕೂ ರೈಟರಿಗೂ ಅಪಾಯದ ಸೂಚನೆ. ಒಬ್ಬರಿಗೇ ಗೊತ್ತಿರುವ ಕೆಲಸ ಇರುವವರೆಗೆ ಆ ಒಬ್ಬರಿಗೆ ರಜೆ ಇರುವುದಿಲ್ಲ.

ಮಳೆಗಾಲದಲ್ಲಿ, ಆಗಸ್ಟ್ ಸೆಪ್ಟೆಂಬರಿನಲ್ಲಿ, ಇನ್ನೊಬ್ಬರನ್ನು ತಯಾರು ಮಾಡಲು ಹೊತ್ತು ಸಿಗುತ್ತದೆ. ಹಾಜರಿ ಬರೆಯುವುದು, ತೂಕ, ಪಲ್ಪರ್ ಓಡಿಸುವುದು, ಜನರೇಟರ್ ಹಾಕುವುದು, ಬಟವಾಡೆ ಲೆಕ್ಕ, ಈ ಐದಕ್ಕೂ ಎರಡನೆಯವರ ಹೆಸರು ಬರೆಯಿರಿ. ಲೈನ್ ಮನೆಯಲ್ಲಿ ಪಿಯುಸಿ ಓದಿದ ಹುಡುಗ ಹುಡುಗಿಯರು ಇರುತ್ತಾರೆ. ಹಾಜರಿ, ತೂಕದ ಚೀಟಿ ಅವರು ಚೆನ್ನಾಗಿ ಮಾಡುತ್ತಾರೆ. ಪಲ್ಪರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ: ಯಾವ ಸ್ವಿಚ್ ಮೊದಲು, ಕಾಳು ಸೀಳುತ್ತಿದ್ದರೆ ಅಥವಾ ಹಣ್ಣು ಹಾಗೇ ದಾಟುತ್ತಿದ್ದರೆ ಗ್ಯಾಪ್ ಎತ್ತ ತಿರುಗಿಸಬೇಕು, ಬೆಲ್ಟ್ ಅಳತೆ, ಮೆಕ್ಯಾನಿಕ್ ನಂಬರ್, ಎಲೆಕ್ಟ್ರಿಷಿಯನ್ ನಂಬರ್. ಕುಯ್ಲು ಶುರುವಾದ ಮೊದಲ ವಾರದಲ್ಲೇ, ಹಣ್ಣು ಕಡಿಮೆ ಇರುವಾಗ, ಒಂದು ಪೂರ್ತಿ ದಿನ ಎರಡನೆಯವರಿಗೇ ಬಿಟ್ಟು ನೋಡಿ. ಆ ದಿನ ಏನು ಎಡವಿತೋ ಅದನ್ನು ಹಾಳೆಗೆ ಸೇರಿಸಿ.

ಎರಡನೇ ಕೈ ಸಿಕ್ಕ ಮೇಲೆ ದಿನವನ್ನು ಒಡೆಯಬಹುದು. ಬೆಳಗಿನ ಹಾಜರಿ ಮೇಸ್ತ್ರಿಯದು, ಸಂಜೆಯವರೆಗೆ ನಿಲ್ಲಬೇಕಾದ ರೈಟರು ಬರುವುದು 9ಕ್ಕೆ. ಮಧ್ಯಾಹ್ನ ಒಂದೂವರೆ ಗಂಟೆ ಬಿಡುವು ಕಳೆದರೆ ಏಳೂವರೆಗೆ ಒಂಬತ್ತು ಗಂಟೆಯ ಕೆಲಸ ಮುಗಿದಿರುತ್ತದೆ. ಅಂಥ ಐದು ದಿನ, ಆರನೇ ದಿನ ಮೂರು ಗಂಟೆಯ ಲೆಕ್ಕಪತ್ರ: ಒಟ್ಟು 48.

ಐದನೇ ಹೆಜ್ಜೆ: ರಜೆಗೆ ತಾರೀಖು ಹಾಕಿ

ಸಂತೆ ದಿನ ಕುಯ್ಯುವವರಿಗೆ ರಜೆ. ಆದರೆ ಅವತ್ತೇ ಬಟವಾಡೆ, ಅವತ್ತೇ ಬ್ಯಾಂಕು, ಅವತ್ತೇ ಅಕ್ಕಿ ಎಣ್ಣೆ ತರುವುದು. ಹಾಗಾಗಿ ರೈಟರಿಗೆ ಆ ದಿನ ರಜೆ ಎಂದು ಬರೆದಿದ್ದರೂ ರಜೆ ಆಗಿರುವುದಿಲ್ಲ. ಸಿಬ್ಬಂದಿಯ ವಾರದ ರಜೆ ಬಟವಾಡೆ ದಿನದಂದು ಬೇಡ; ಬೇರೆ ದಿನ, ಒಬ್ಬೊಬ್ಬರಿಗೆ ಒಂದೊಂದು ದಿನ ಇರಲಿ. ಹಿಂದಿನ ಸಂಜೆಯಿಂದ ಪೂರ್ತಿ 24 ಗಂಟೆ, ಫೋನ್ ಇಲ್ಲದೆ. ತೋಟದೊಳಗೇ ಮನೆ ಇರುವವರಿಗೆ ಇದು ಕಷ್ಟ, ಏಕೆಂದರೆ ಜನ ಬಾಗಿಲು ತಟ್ಟುತ್ತಾರೆ. ಅಂಥವರಿಗೆ ಪೇಟೆಗೋ ನೆಂಟರ ಮನೆಗೋ ಹೋಗಿಬರಲು ಜೀಪು ಅಥವಾ ಬಸ್ ಖರ್ಚು ಕೊಡಿ.

ಅರೇಬಿಕಾ ಮುಗಿದು ರೋಬಸ್ಟಾ ಶುರುವಾಗುವ ನಡುವೆ ಕೆಲವು ದಿನ ಕೆಲಸ ತೆಳುವಾಗುತ್ತದೆ. ಆಗ ಒಬ್ಬರ ನಂತರ ಒಬ್ಬರಿಗೆ ನಾಲ್ಕು ದಿನ ಒಟ್ಟಿಗೆ ಸಿಗಬೇಕು. ಕುಯ್ಲು ಮುಗಿದರೂ ಬಿಡುವಿಲ್ಲ ಎಂಬುದು ತೋಟದವರಿಗೆ ಗೊತ್ತೇ ಇದೆ: ಕಾಳು ಹೆಕ್ಕಿಸುವುದು, ರೋಬಸ್ಟಾಗೆ ಸ್ಪ್ರಿಂಕ್ಲರ್, ಹೂಮಳೆಗೆ ಕಾಯುವುದು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಸುವುದು), ಹೀಗೆ ಒಂದರ ಹಿಂದೊಂದು ನಿಂತಿರುತ್ತವೆ. ಆದ್ದರಿಂದ ಕುಯ್ಲು ಆದ ಮೇಲೆ ನೋಡೋಣ ಎಂಬ ರಜೆ ಬರುವುದೇ ಇಲ್ಲ. ಶಿವರಾತ್ರಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದುಹೋಗುವ ಹರಕೆ ಇರುವವರು ನಿಮ್ಮ ಸಿಬ್ಬಂದಿಯಲ್ಲಿ ಇರಬಹುದು. ಅಕ್ಟೋಬರಿನಲ್ಲೇ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲೇ ಗೊತ್ತಿರುವ ರಜೆಗಾಗಿ ಮನುಷ್ಯ ಎರಡು ತಿಂಗಳು ಖುಷಿಯಿಂದ ದುಡಿಯುತ್ತಾನೆ.

ಆರನೇ ಹೆಜ್ಜೆ: ಜವಾಬ್ದಾರಿ ಕೊಟ್ಟಲ್ಲಿ ಅಧಿಕಾರವನ್ನೂ ಕೊಡಿ

ಬರ್ನ್‌ಔಟ್ ಬಗ್ಗೆ ದಶಕಗಳಿಂದ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಸ್ಲಾಕ್ ಮತ್ತು ಮೈಕೆಲ್ ಲೈಟರ್ ಅದರ ಮೂಲವನ್ನು ಆರು ಕಡೆ ಹುಡುಕಲು ಹೇಳುತ್ತಾರೆ: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಸಿಗುವ ಪ್ರತಿಫಲ, ಜೊತೆಯವರ ಸಂಬಂಧ, ನ್ಯಾಯ, ಮೌಲ್ಯಗಳು. ಗಂಟೆ ಕಡಿಮೆ ಮಾಡಿದರೆ ಹೊರೆಯೊಂದೇ ಇಳಿಯಿತು. ತೋಟದಲ್ಲಿ ಇಷ್ಟೇ ಗಟ್ಟಿಯಾದ ಕಾರಣ ಎರಡನೆಯದು, ಹಿಡಿತ ಇಲ್ಲದಿರುವುದು. ಮೋಟಾರ್ ಸುಟ್ಟರೆ ಮೆಕ್ಯಾನಿಕ್ ಕರೆಸಲು ಬೆಂಗಳೂರಿನ ಒಪ್ಪಿಗೆಗೆ ಕಾಯಬೇಕು. ಅಷ್ಟರಲ್ಲಿ ಹಣ್ಣು ಹುಳಿಯಿತು ಎಂದರೆ ಬೈಗುಳ ರೈಟರಿಗೆ.

ಬರೆದುಕೊಡಿ: 5,000 ರೂಪಾಯಿವರೆಗಿನ ರಿಪೇರಿಗೆ ಕೇಳಬೇಕಿಲ್ಲ, ಬಿಲ್ ಇಟ್ಟರೆ ಸಾಕು. ಹಣ್ಣಾಗದ ಬ್ಲಾಕನ್ನು ಮೂರು ದಿನ ಮುಂದೂಡುವುದು ರೈಟರ ತೀರ್ಮಾನ. ಕೆಲಸದವರಿಗೆ ಒಂದು ದಿನದ ರಜೆ ಕೊಡುವುದು ಮೇಸ್ತ್ರಿಯ ತೀರ್ಮಾನ. ಮೊತ್ತ ನಿಮ್ಮ ತೋಟಕ್ಕೆ ತಕ್ಕಂತೆ ಇರಲಿ, ಆದರೆ ಒಮ್ಮೆ ಕೊಟ್ಟ ಅಧಿಕಾರವನ್ನು ಆಳುಗಳ ಮುಂದೆ ಕಿತ್ತುಕೊಳ್ಳಬೇಡಿ. ತಪ್ಪು ಕಂಡರೆ ಆಫೀಸಿಗೆ ಕರೆದು, ಬಾಗಿಲು ಹಾಕಿ ಹೇಳಿ. ಕಣದಲ್ಲಿ ನಿಂತು ಕೂಗಿದ ಒಂದು ಮಾತಿಗೆ ಮರುದಿನದಿಂದ ಮೇಸ್ತ್ರಿಯ ಮಾತು ಯಾರೂ ಕೇಳುವುದಿಲ್ಲ, ಆಗ ಅವರ ಕೆಲಸ ಎರಡರಷ್ಟಾಗುತ್ತದೆ.

ಹಣದ ವಿಷಯ ಚಿಕ್ಕದಾಗಿ ಹೇಳಬಹುದು. ಕುಯ್ಲಿನ ಭತ್ಯೆ ಎಷ್ಟು, ಯಾವ ತಾರೀಖಿಗೆ ಎಂದು ಅಕ್ಟೋಬರಿನಲ್ಲಿ ಹೇಳಿ, ಅದೇ ತಾರೀಖಿಗೆ ಕೊಡಿ. ಕಾಫಿ ರೇಟು ಬಿದ್ದಿತು ಎಂದು ಕಡಿಮೆ ಮಾಡಬೇಡಿ. ರೇಟು ಏರಿದಾಗ ಅವರಿಗೆ ಪಾಲು ಕೊಟ್ಟಿರಲಿಲ್ಲ. ವರ್ಷಕ್ಕೊಂದು ದಿನ ಯೋಗ ಶಿಬಿರ, ಕುಯ್ಲು ಮುಗಿದ ಮೇಲೆ ಬಾಡೂಟ, ಇವು ಬೇಡ ಎನ್ನುವುದಿಲ್ಲ. ಆದರೆ 81 ಗಂಟೆಯ ವಾರವನ್ನು ಹಾಗೇ ಇಟ್ಟು ಇವನ್ನು ಮಾಡಿದರೆ ಯಾರ ದಣಿವೂ ಇಳಿಯುವುದಿಲ್ಲ.

ರೈಟರೇ ಇಲ್ಲದ ಸಣ್ಣ ತೋಟಗಳಲ್ಲಿ

ಐದಾರು ಎಕರೆಯವರಲ್ಲಿ ಗಂಡ ಹೆಂಡತಿಯೇ ರೈಟರು, ಮೇಸ್ತ್ರಿ, ಕಾವಲುಗಾರ ಎಲ್ಲ. ಅದರಲ್ಲೂ ಹೆಂಗಸರ ದಿನ ಇನ್ನೂ ಉದ್ದ: ಕೆಲಸದವರಿಗೆ ಕಾಫಿ ತಿಂಡಿ, ಹಗಲು ಕಣದಲ್ಲಿ ಕಾಫಿ ಕೆದಕುವುದು, ರಾತ್ರಿ ಅಡುಗೆ. ಲೆಕ್ಕದ ಹಾಳೆಯಲ್ಲಿ ಅವರ ಗಂಟೆಗಳನ್ನೂ ಬರೆಯಿರಿ. ಮನೆಯಲ್ಲಿ ಕೈ ಕಡಿಮೆ ಇದ್ದರೆ ಎಲ್ಲ ಹಣ್ಣನ್ನೂ ಪಲ್ಪ್ ಮಾಡಿ, ತೊಳೆದು, ಒಣಗಿಸಿ ಪಾರ್ಚ್‌ಮೆಂಟ್ ಮಾಡಲೇಬೇಕೆಂಬ ಹಟ ಬೇಡ. ಒಳ್ಳೆಯ ಹಣ್ಣು ಬರುವ ನಡುವಿನ ಕುಯ್ಲನ್ನು ಪಲ್ಪ್ ಮಾಡಿ, ಕೊನೆಯ ಕುಯ್ಲನ್ನು ಸಿಪ್ಪೆ ಸಮೇತ ಚೆರ್ರಿಯಾಗಿ ಒಣಗಿಸಬಹುದು; ಪಲ್ಪರ್, ತೊಟ್ಟಿ, ರಾತ್ರಿ ಕಾವಲು ಎಲ್ಲ ಅಷ್ಟು ದಿನ ತಪ್ಪುತ್ತದೆ. ಎರಡರ ದರದ ವ್ಯತ್ಯಾಸವನ್ನು ಆ ರಾತ್ರಿಗಳ ಕೂಲಿಯ ಜೊತೆ ಹೋಲಿಸಿ ನೋಡಿ ನಿರ್ಧರಿಸಿ. ಅಕ್ಕಪಕ್ಕದ ಎರಡು ಮೂರು ಮನೆಯವರು ಮುಯ್ಯಾಳಿನ ಹಾಗೆ ಒಬ್ಬರ ಕುಯ್ಲಿಗೆ ಇನ್ನೊಬ್ಬರು ಬರುವುದು ಕೆಲವು ಕಡೆ ಈಗಲೂ ನಡೆಯುತ್ತದೆ. ಎಲ್ಲಿ ನಿಂತಿದೆಯೋ ಅಲ್ಲಿ ಮತ್ತೆ ಶುರು ಮಾಡಲು ಕುಯ್ಲಿಗಿಂತ ಒಳ್ಳೆಯ ಕಾಲವಿಲ್ಲ.

ಈಗಾಗಲೇ ಒಬ್ಬರು ಸೋತಿದ್ದರೆ

ಮೊದಲು ಮಾತಾಡಿಸಿ. ತಕ್ಕಡಿಯ ಹತ್ತಿರ ಅಲ್ಲ, ಬೇರೆಯವರ ಮುಂದೆಯೂ ಅಲ್ಲ. 'ಏನ್ರೀ, ಯಾಕ್ ಹಿಂಗ್ ಮಾಡ್ತಿದ್ದೀರಿ' ಎಂದು ಶುರು ಮಾಡಿದರೆ 'ಏನಿಲ್ಲ ಸಾವ್ಕಾರ್ರೆ, ಸರಿ ಮಾಡ್ತೀನಿ' ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. 'ರೈಟ್ರೇ, ಈ ವಾರ ರಾತ್ರಿ ಎಷ್ಟೊತ್ತಿಗೆ ಮಲಗ್ತಿದ್ದೀರಿ? ಯಾವ್ ಕೆಲ್ಸ ನಿಮ್ ಕೈಯಿಂದ ತೆಗೆದ್ರೆ ಉಸಿರಾಡೋಕ್ ಆಗುತ್ತೆ?' ಎಂದು ಕೇಳಿ. ಅವರು ಹೇಳಿದ ಒಂದು ಕೆಲಸವನ್ನು ಅದೇ ದಿನ ತೆಗೆಯಿರಿ. ನಾಳೆ ನೋಡೋಣ ಎಂದರೆ ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ.

ವಾರ ಪೂರ್ತಿ ರಜೆ ಕೊಟ್ಟು ಕಳಿಸಿ, ಸಂಬಳ ಹಿಡಿಯಬೇಡಿ. ತಿರುಗಿ ಬಂದಾಗ ಮೊದಲ ಹದಿನೈದು ದಿನ ಅರ್ಧ ಹೊರೆ ಮಾತ್ರ. ಹಳೆಯ ಕೆಲಸಕ್ಕೇ, ಹಳೆಯ ಗಂಟೆಗೇ ತಿರುಗಿ ನಿಲ್ಲಿಸಿದರೆ ರಜೆ ನೀರಲ್ಲಿ ಹೋಮ ಮಾಡಿದ ಹಾಗೆ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದರೂ ಇದೇ ತರಹದ ಸುಸ್ತು ಬರುವುದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ದಿನಾ ಕುಡಿತ ಶುರುವಾಗಿದ್ದರೆ ಅದು ಕೆಲಸದ ಹಂಚಿಕೆಯಿಂದ ಮಾತ್ರ ಸರಿಹೋಗುವುದಿಲ್ಲ, ವೈದ್ಯರು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿಕೊಂಡು ಹೋಗಿ. ಜೊತೆಗೆ ಒಬ್ಬರನ್ನು ಕಳಿಸಿ, ಆ ದಿನವನ್ನು ಹಾಜರಿ ಎಂದೇ ಬರೆಯಿರಿ.

ಬದುಕುವುದೇ ಬೇಡ ಅನಿಸುತ್ತಿದೆ ಎಂಬ ಮಾತು ಯಾರ ಬಾಯಿಂದ ಬಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಬ್ಬರೇ ಬಿಡಬೇಡಿ, 14416ಕ್ಕೆ ಕರೆ ಮಾಡಿ, ತುರ್ತಿದ್ದರೆ 108. ಔಷಧಿ, ಕೀಟನಾಶಕದ ಕೋಣೆಯ ಬೀಗದ ಕೈಯನ್ನು ಅದೇ ಗಳಿಗೆ ಬೇರೆಯವರಿಗೆ ಒಪ್ಪಿಸಿ. ನಿಜ ಹೇಳಬೇಕೆಂದರೆ ಆ ಕೋಣೆಗೆ ಯಾವಾಗಲೂ ಎರಡು ಬೀಗ, ಇಬ್ಬರ ಕೈಯಲ್ಲಿ ಒಂದೊಂದು ಕೀಲಿ ಇರಬೇಕು. ಉಳಿದ ಡಬ್ಬಿಗಳು ಲೈನ್ ಮನೆಯ ಸೂರಿಗೆ, ಪಂಪ್‌ಹೌಸಿನ ಮೂಲೆಗೆ ಹೋಗದೆ ಅದೇ ಸಂಜೆ ಆ ಕೋಣೆಗೇ ತಿರುಗಿ ಬರಬೇಕು. ಮುಂದಿನ ಸಿಂಪರಣೆಗೆ ಕಾಯದೆ ಈ ವಾರವೇ ಎರಡನೇ ಬೀಗ ತರಿಸಿ.